ಓರೆನೋಟದ ನಾಯಿಕೆ, ನೇರನೋಟದ ದೇವಿ

ಶಾಲೆಯ ಮೆಟ್ಟಿಲು ಹತ್ತದೆ ಚಿತ್ರಕಲೆ ಕಲಿತ ರಾಜಾ ರವಿವರ್ಮರ ಸ್ತ್ರೀಚಿತ್ರಗಳು ಅರಮನೆಯಿಂದ ಗಡಿನಾಡಿನ ದೇವರ ಜಗಲಿಗೆ ಬಂದ ಬಗೆ

ವ್ಯಕ್ತಿಯೊಬ್ಬರ ಮುಖವನ್ನು ಹಿಡಿದಿಟ್ಟ ಚಿತ್ರಕ್ಕೆ ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಹೆಸರಿದೆ. ಗೋಡೆಗೆ ತೂಗುಹಾಕಿ, ಕುಂಕುಮ ಹಚ್ಚಿ, ಹೂವು ಏರಿಸುವ ದೇವರ ಚಿತ್ರಕ್ಕೆ ‘ಪಟ’ ಎನ್ನುವುದು ರೂಢಿ. ಎರಡೂ ಚೌಕಟ್ಟಿನೊಳಗಿನ ಚಿತ್ರಗಳೇ ಆದರೂ ಭಾಷೆ ಅವೆರಡನ್ನು ಬೇರೆ ಬೇರೆಯಾಗಿಯೇ ಇರಿಸಿಕೊಂಡು ಬಂದಿದೆ. ಏಕೆಂದರೆ ಭಾವಚಿತ್ರವನ್ನು ನಾವು ನೋಡುತ್ತೇವೆ, ಪಟವಾದರೋ ನಮ್ಮನ್ನು ನೋಡುತ್ತದೆ ಎಂಬುದು ಅದರ ಮುಂದೆ ಕೈ ಮುಗಿದು ನಿಲ್ಲುವವರ ನಂಬಿಕೆ. ಆಧುನಿಕ ಭಾರತದ ಚಿತ್ರಕಾರರಲ್ಲಿ ಈ ಎರಡೂ ಬಗೆಯ ಹೆಣ್ಣುಮುಖಗಳನ್ನು ಒಂದೇ ಕುಂಚದಿಂದ ಬರೆದು, ಎರಡನ್ನೂ ಜನಸಾಮಾನ್ಯರ ಕಣ್ಣಿನಲ್ಲಿ ನೆಲೆಗೊಳಿಸಿದವರು ರಾಜಾ ರವಿವರ್ಮರು (1848–1906). ಅವರ ಚಿತ್ರಗಳಲ್ಲಿ ಮನುಷ್ಯಸ್ತ್ರೀಯರು ಹೆಚ್ಚಾಗಿ ಬೇರೆತ್ತಲೋ ನೋಡುತ್ತಿರುತ್ತಾರೆ, ದೇವಿಯರು ನೇರವಾಗಿ ನೋಡುತ್ತಾರೆ. ಈ ಒಂದು ವ್ಯತ್ಯಾಸದ ಜಾಡು ಹಿಡಿದರೆ ಅವರ ಕಲೆಯಲ್ಲಿ ಭಾವ ಎಲ್ಲಿ ಭಕ್ತಿಗೆ ತಿರುಗುತ್ತದೆ ಎಂಬುದೂ, ಅರಮನೆಗಳಿಗಾಗಿ ಬರೆದ ಆ ಮುಖಗಳು ನಿಪ್ಪಾಣಿ ಸೀಮೆಯ ಅಕ್ಕೋಳದಂಥ ಊರುಗಳ ಮನೆಗಳಲ್ಲಿ ಹೇಗೆ ಮನೆಯವರಾದವು ಎಂಬುದೂ ತಿಳಿಯುತ್ತದೆ.

ನೋಡಿ ಕಲಿತ ವಿದ್ಯೆ

ಸ್ವಯಂಶಿಕ್ಷಿತ ಕಲಾವಿದ ಎಂದರೆ ಯಾರಿಂದಲೂ ಏನನ್ನೂ ಪಡೆಯದವನು ಎಂದು ಅರ್ಥವಲ್ಲ. ಕ್ರಮಬದ್ಧವಾದ ಶಾಲೆಯಾಗಲಿ, ಕೈ ಹಿಡಿದು ತಿದ್ದಿಸುವ ಗುರುವಾಗಲಿ ಇಲ್ಲದೆ, ನೋಡಿ, ಮಾಡಿ, ಕೆಡಿಸಿ, ಮತ್ತೆ ಮಾಡಿ ಕೈ ಕುದುರಿಸಿಕೊಂಡವನು ಎಂದು ಅರ್ಥ. ರವಿವರ್ಮರು ಬೆಳೆಯುತ್ತಿದ್ದ ಕಾಲಕ್ಕೆ ಮದ್ರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಕಲಾಶಾಲೆಗಳು ಆಗಲೇ ಆರಂಭವಾಗಿದ್ದವು, ಆದರೆ ಅವರು ಯಾವುದರಲ್ಲಿಯೂ ಓದಲಿಲ್ಲ. ತಿರುವಾಂಕೂರಿನ ಕಿಳಿಮಾನೂರು ಎಂಬಲ್ಲಿ ರಾಜಮನೆತನದೊಡನೆ ನಂಟುಳ್ಳ ಕುಟುಂಬವೊಂದರಲ್ಲಿ ಹುಟ್ಟಿದ ಅವರಿಗೆ ಮೊದಲು ಬಣ್ಣ ಹಿಡಿಸಿದವರು ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುತ್ತಿದ್ದ ಸೋದರಮಾವ ರಾಜರಾಜವರ್ಮರು. ಹುಡುಗನಿಗೆ 14 ವರ್ಷ ತುಂಬಿದಾಗ ಅವನನ್ನು ತಿರುವನಂತಪುರದ ಆಯಿಲ್ಯಂ ತಿರುನಾಳ್ ಮಹಾರಾಜರ ಆಸ್ಥಾನಕ್ಕೆ ಕರೆತಂದವರೂ ಅವರೇ.

ಆಸ್ಥಾನದಲ್ಲಿ ವಿದ್ಯೆ ಇತ್ತು, ಕೊಡುವ ಮನಸ್ಸು ಇರಲಿಲ್ಲ. ಅಲ್ಲಿದ್ದ ಚಿತ್ರಕಾರ ರಾಮಸ್ವಾಮಿ ನಾಯ್ಡು ತೈಲವರ್ಣದ ರಹಸ್ಯವನ್ನು ಈ ಹುಡುಗನಿಗೆ ಹೇಳಿಕೊಡಲು ಒಪ್ಪಲಿಲ್ಲವೆಂದೂ, ಅವರ ಶಿಷ್ಯ ಆರುಮುಗಂ ಪಿಳ್ಳೆ ಗುಟ್ಟಾಗಿ ಅಷ್ಟಿಷ್ಟು ತಿಳಿಸಿಕೊಟ್ಟನೆಂದೂ ರವಿವರ್ಮರ ಜೀವನಚರಿತ್ರೆಗಳು ಹೇಳುತ್ತವೆ. 1868ರಲ್ಲಿ ಅರಮನೆಗೆ ಬಂದ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರರೂ ಕಲಿಸಲಿಲ್ಲ, ತಾವು ಬರೆಯುವುದನ್ನು ಪಕ್ಕದಲ್ಲಿ ನಿಂತು ನೋಡಲು ಮಾತ್ರ ಬಿಟ್ಟರು. ಏಕಲವ್ಯನಿಗೆ ದ್ರೋಣರ ಮಣ್ಣಿನ ಮೂರ್ತಿಯಾದರೂ ಇತ್ತು, ಇಲ್ಲಿ ಇದ್ದದ್ದು ಬೇರೊಬ್ಬರ ಕೈಯ ಚಲನೆ ಮತ್ತು ಅರಮನೆಯ ಸಂಗ್ರಹದಲ್ಲಿದ್ದ ಐರೋಪ್ಯ ಚಿತ್ರಗಳು ಮಾತ್ರ.

ಈ ಕಲಿಕೆಯಲ್ಲಿ ಮುಖ್ಯವಾದದ್ದು ತೈಲವರ್ಣ ಎಂಬ ಮಾಧ್ಯಮ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ಅರೆದು ಬಟ್ಟೆಯ ಮೇಲೆ ಹಚ್ಚುವ ಈ ವಿಧಾನದಲ್ಲಿ ಬಣ್ಣ ಬೇಗನೆ ಆರುವುದಿಲ್ಲ. ಆದ್ದರಿಂದ ಕೆನ್ನೆಯ ಬೆಳಕು ಗಲ್ಲದ ಕೆಳಗಿನ ನೆರಳಿಗೆ ಎಲ್ಲಿ ಇಳಿಯಿತು ಎಂದು ಗೆರೆ ಹಾಕಿ ತೋರಿಸಲಾಗದಷ್ಟು ನಯವಾಗಿ ಒಂದು ಛಾಯೆಯನ್ನು ಇನ್ನೊಂದರಲ್ಲಿ ಬೆರೆಸಲು ಸಾಧ್ಯವಾಗುತ್ತದೆ. ತಂಜಾವೂರು ಮತ್ತು ಮೈಸೂರು ಶೈಲಿಗಳ ಸಾಂಪ್ರದಾಯಿಕ ಚಿತ್ರಗಳಲ್ಲಿ ಮುಖವನ್ನು ಕಟ್ಟುವುದು ರೇಖೆ, ಚಿನ್ನದ ಹಾಳೆ ಮತ್ತು ಸಮತಟ್ಟಾದ ವರ್ಣ. ಅಲ್ಲಿ ದೇವರ ಲಕ್ಷಣಗಳು ಸ್ಪಷ್ಟವಾಗಿರಬೇಕೇ ಹೊರತು ಕ್ಷಣಕ್ಕೊಮ್ಮೆ ಬದಲಾಗುವ ಮನಸ್ಸಿನ ತಳಮಳ ಕಾಣಬೇಕಾಗಿಲ್ಲ. ತುಟಿಯ ತುದಿಯ ಒಂದು ನಡುಕವನ್ನು, ಕಣ್ಣೀರು ಬರುವುದಕ್ಕೆ ಮುಂಚಿನ ರೆಪ್ಪೆಯ ಭಾರವನ್ನು ಹಿಡಿಯಲು ನೆರಳು–ಬೆಳಕಿನ ಆ ನಿಧಾನದ ಬೆರಕೆ ಬೇಕಾಗಿತ್ತು. ರವಿವರ್ಮರು ನೋಡಿ ಕಲಿತದ್ದು ಇದನ್ನೇ.

ಆದರೆ ಯಾವ ಭಾವವನ್ನು ಹಿಡಿಯಬೇಕು ಎಂಬುದನ್ನು ಯಾವ ಐರೋಪ್ಯನೂ ಹೇಳಿಕೊಡುವಂತಿರಲಿಲ್ಲ. ಅದು ಬಂದದ್ದು ಮನೆಯಿಂದ. ತಾಯಿ ಉಮಾ ಅಂಬಾಬಾಯಿ ‘ಪಾರ್ವತೀ ಸ್ವಯಂವರ’ ಎಂಬ ತುಳ್ಳಲ್ ಕೃತಿಯನ್ನು ರಚಿಸಿದ ಕವಯಿತ್ರಿ. ತುಳ್ಳಲ್ ಎಂದರೆ ಕತೆಯನ್ನು ಹಾಡುತ್ತ ಕುಣಿಯುತ್ತ ಒಬ್ಬನೇ ಪ್ರದರ್ಶಿಸುವ ಕೇರಳದ ಕಲೆ. ಕಣ್ಣು, ಹುಬ್ಬು, ಕೆನ್ನೆಗಳ ಅಲುಗಾಟದಲ್ಲೇ ನವರಸಗಳನ್ನು ತೋರಿಸುವ ಕಥಕಳಿಯೂ ಸಂಸ್ಕೃತ ಕಾವ್ಯದ ಓದೂ ಅವರು ಬೆಳೆದ ಪರಿಸರದಲ್ಲಿ ದಿನನಿತ್ಯದ ವಿಷಯಗಳಾಗಿದ್ದವು. ಹೀಗಾಗಿ ರವಿವರ್ಮರ ಕೈಗೆ ಯೂರೋಪಿನ ಉಪಕರಣ ಸಿಕ್ಕಿತ್ತಾದರೂ ಕಣ್ಣಿಗೆ ಅಭ್ಯಾಸವಾಗಿದ್ದದ್ದು ರಂಗದ ಮೇಲಿನ ಅಭಿನಯ. ಅವರ ಸ್ತ್ರೀಯರು ನಾಟಕೀಯವಾಗಿದ್ದಾರೆ ಎಂದು ಮುಂದೆ ಬಂದ ಆಕ್ಷೇಪಣೆಗೂ, ಅವರ ಭಾವ ಓದುಬಾರದವರಿಗೂ ಮುಟ್ಟುತ್ತದೆ ಎಂಬ ಮೆಚ್ಚುಗೆಗೂ ಮೂಲ ಒಂದೇ.

ಕೊಲ್ಲೂರಿನ 41 ದಿನ

ಈ ಕಲಿಕೆಗೆ ಒಂದು ಧಾರ್ಮಿಕ ಮಗ್ಗುಲೂ ಇದೆ, ಅದು ಕರ್ನಾಟಕದ ನೆಲದಲ್ಲೇ ನಡೆದದ್ದು. ಚಿತ್ರಕಲೆಯನ್ನು ವೃತ್ತಿಯಾಗಿ ಕೈಗೊಳ್ಳುವ ಮೊದಲು, 1870ರಲ್ಲಿ, ರವಿವರ್ಮರು ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಬಂದು 41 ದಿನಗಳ ಭಜನೆ ನಡೆಸಿದರೆಂದು ಅವರ ಚರಿತ್ರಕಾರರು ದಾಖಲಿಸಿದ್ದಾರೆ. 41 ದಿನಗಳ ಅವಧಿಯನ್ನು ಮಲಯಾಳ ನಾಡಿನಲ್ಲಿ ‘ಮಂಡಲ’ ಎನ್ನುತ್ತಾರೆ; ನಿಯಮದಿಂದ ಇದ್ದು ಒಂದು ಸಂಕಲ್ಪವನ್ನು ದೇವತೆಯ ಮುಂದೆ ನಿವೇದಿಸುವ ಕ್ರಮ ಅದು. ಮೂಕಾಂಬಿಕೆ ವಿದ್ಯೆಯ ಮತ್ತು ವಾಕ್ಕಿನ ಅಧಿದೇವತೆಯೆಂದು ಹೆಸರಾದವಳಾದ್ದರಿಂದ ಅಕ್ಷರಾಭ್ಯಾಸಕ್ಕೆ ಮಕ್ಕಳನ್ನು ಕರೆತರುವಂತೆಯೇ ಸಂಗೀತಗಾರರೂ ನಟರೂ ತಮ್ಮ ಆರಂಭಗಳಿಗೆ ಅಲ್ಲಿಗೆ ಬರುವ ಪದ್ಧತಿ ಇಂದಿಗೂ ಇದೆ. ಕೊಲ್ಲೂರಿನಿಂದ ಮರಳುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿಯೊಬ್ಬರ ಕುಟುಂಬದ ಚಿತ್ರವನ್ನು ಬರೆದುಕೊಡುವ ಕೆಲಸ ಅವರಿಗೆ ದೊರೆಯಿತು. ಹಣ ಪಡೆದು ಮಾಡಿದ ಮೊದಲ ಕೆಲಸ ಅದೇ ಎಂಬುದು ಚರಿತ್ರಕಾರರ ಎಣಿಕೆ.

ಗುರುವಿಲ್ಲದೆ ಕಲಿತವನಿಗೆ ‘ಕಲಿತದ್ದು ಸಾಕು, ಇನ್ನು ಮಾಡು’ ಎಂದು ಹೇಳುವವರು ಯಾರೂ ಇರುವುದಿಲ್ಲ. ಆ ಅಪ್ಪಣೆಯನ್ನು ದೇವಿಯಿಂದ ಪಡೆಯಲು ಹೋದದ್ದು, ಮುಂದೆ ದೇವಿಯ ಮುಖವನ್ನೇ ಕೋಟ್ಯಂತರ ಮನೆಗಳಿಗೆ ಬರೆದುಕೊಡಲಿದ್ದ ಚಿತ್ರಕಾರನ ವಿಷಯದಲ್ಲಿ ಗಮನಿಸತಕ್ಕ ಸಂಗತಿ.

ಬೇರೆತ್ತಲೋ ನೋಡುವ ಹೆಂಗಸರು

1873ರಲ್ಲಿ ಮದ್ರಾಸಿನ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದ ‘ಕೇಶಾಲಂಕಾರದಲ್ಲಿ ತೊಡಗಿದ ನಾಯರ್ ಸ್ತ್ರೀ’ ಎಂಬ ಚಿತ್ರದಿಂದ ರವಿವರ್ಮರ ಹೆಸರು ಹೊರಗೆ ಹರಡಿತು. ಮುಡಿಗೆ ಹೂವು ಮುಡಿಯುವ ಹೆಂಗಸಿನ ಈ ಚಿತ್ರದಿಂದ ಹಿಡಿದು ಕೊನೆಯವರೆಗೂ ಅವರ ಸ್ತ್ರೀಚಿತ್ರಗಳಲ್ಲಿ ಒಂದು ಲಕ್ಷಣ ಉಳಿದುಬಂದಿತು: ಅವರ ನಾಯಿಕೆಯರು ಹೆಚ್ಚಾಗಿ ಏನನ್ನೋ ಕಾಯುತ್ತಿರುತ್ತಾರೆ, ಕೇಳಿಸಿಕೊಳ್ಳುತ್ತಿರುತ್ತಾರೆ, ನೆನೆಯುತ್ತಿರುತ್ತಾರೆ, ಮತ್ತು ಆ ‘ಏನನ್ನೋ’ ಎಂಬುದು ಅನೇಕ ವೇಳೆ ಚಿತ್ರದ ಚೌಕಟ್ಟಿನ ಆಚೆ ಇರುತ್ತದೆ.

ಕಾಳಿದಾಸನ ನಾಟಕವನ್ನು ಆಧರಿಸಿದ, 1898ರ ಶಕುಂತಲೆಯ ಚಿತ್ರವನ್ನು ಹತ್ತಿರದಿಂದ ನೋಡಬಹುದು. ಸಖಿಯರೊಡನೆ ಹೊರಟ ಶಕುಂತಲೆ ಸಖಿಯೊಬ್ಬಳ ಹೆಗಲ ಮೇಲೆ ಕೈಯಿಟ್ಟು ಆಸರೆ ಪಡೆದಿದ್ದಾಳೆ. ಒಂದು ಪಾದವನ್ನು ಹಿಂದಕ್ಕೆ ಎತ್ತಿ, ಅಂಗಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುವವಳಂತೆ ಬಾಗಿದ್ದಾಳೆ. ಆದರೆ ಮುಳ್ಳು ತೆಗೆಯುವವರ ಕಣ್ಣು ಪಾದದ ಮೇಲೆ ಇರಬೇಕಲ್ಲವೇ? ಅವಳ ಮುಖ ಹಿಂದಕ್ಕೆ ತಿರುಗಿದೆ. ದೇಹ ಒಂದು ಸುಳ್ಳನ್ನು ಹೇಳುತ್ತಿರುವಾಗ ಕಣ್ಣು ನಿಜವನ್ನು ಹೇಳಿಬಿಡುತ್ತದೆ, ದುಷ್ಯಂತ ಚಿತ್ರದಲ್ಲಿ ಎಲ್ಲಿಯೂ ಇಲ್ಲದಿದ್ದರೂ ಆ ನೋಟದ ತುದಿಯಲ್ಲಿ ಇದ್ದಾನೆ. ನಾಟಕದಲ್ಲಿ ಮಾತಿನಿಂದಲೂ ನಟನೆಯಿಂದಲೂ ನೆರವೇರುವ ಒಂದು ಗಳಿಗೆಯನ್ನು ಕತ್ತಿನ ಒಂದು ತಿರುವಿನಲ್ಲಿ ಅಡಕಗೊಳಿಸಿದ ಈ ಚಿತ್ರದಲ್ಲಿ ನೋಡುವವನ ಪಾತ್ರ ವಿಚಿತ್ರವಾದದ್ದು: ಅವನು ಅವಳನ್ನು ನೋಡುತ್ತಾನೆ, ಅವಳಿಗೆ ಅವನ ಇರವೇ ತಿಳಿಯದು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹಳೆಯ ತಳಹದಿಯಿದೆ. ಭರತನ ನಾಟ್ಯಶಾಸ್ತ್ರವು ನಾಯಿಕೆಯರನ್ನು ಅವರ ಸ್ಥಿತಿಗೆ ಅನುಗುಣವಾಗಿ ಎಂಟು ಬಗೆಯಾಗಿ ವಿಂಗಡಿಸಿದೆ, ಇದನ್ನು ‘ಅಷ್ಟನಾಯಿಕಾ’ ವಿಭಾಗ ಎನ್ನುತ್ತಾರೆ. ಸಿಂಗರಿಸಿಕೊಂಡು ಇನಿಯನ ಬರವನ್ನು ಕಾಯುವವಳು ವಾಸಕಸಜ್ಜಿಕೆ, ಅಗಲಿಕೆಯಲ್ಲಿ ಕಳವಳಗೊಂಡವಳು ವಿರಹೋತ್ಕಂಠಿತೆ, ದೂರದೇಶಕ್ಕೆ ಹೋದವನ ಹೆಂಡತಿ ಪ್ರೋಷಿತಭರ್ತೃಕೆ. ಎಂಟರಲ್ಲಿ ಹೆಚ್ಚಿನವು ಯಾರೋ ಇಲ್ಲದಿರುವುದರಿಂದ ಹುಟ್ಟುವ ಸ್ಥಿತಿಗಳೆಂಬುದು ಗಮನಾರ್ಹ. ಹಂಸದ ಮಾತಿನಲ್ಲಿ ನಳನನ್ನು ಕಾಣುವ ದಮಯಂತಿಯನ್ನು 1899ರಲ್ಲಿ ಬರೆದಾಗಲೂ, ತಾವರೆಯ ಎಲೆಯ ಮೇಲೆ ಪತ್ರ ಬರೆಯುವ ಶಕುಂತಲೆಯನ್ನು 1876ರಲ್ಲಿ ಬರೆದಾಗಲೂ ರವಿವರ್ಮರು ಚಿತ್ರಿಸಿದ್ದು ಇಲ್ಲದವನ ಇರುವಿಕೆಯನ್ನೇ. ಪತ್ರ ಬರೆಯುವ ಆ ಶಕುಂತಲೆಯನ್ನು ಮದ್ರಾಸಿನ ಗವರ್ನರ್ ಕೊಂಡುಕೊಂಡರು. ಮುಂದೆ ಮೋನಿಯರ್ ವಿಲಿಯಮ್ಸ್ ಮಾಡಿದ್ದ ಶಾಕುಂತಲದ ಇಂಗ್ಲಿಷ್ ಅನುವಾದಕ್ಕೆ ರವಿವರ್ಮರ ಶಕುಂತಲೆಯೇ ಮುಖಚಿತ್ರವಾದಳು.

ಪುರಾಣದ ಆಸರೆಯಿಲ್ಲದ ಚಿತ್ರಗಳಲ್ಲಿಯೂ ಇದೇ ಕ್ರಮ ಕಾಣುತ್ತದೆ. 1893ರ ‘ಅಪ್ಪ ಬರುತ್ತಿದ್ದಾರೆ’ ಎಂಬ ಚಿತ್ರದಲ್ಲಿ ಬಿಳಿಯ ಮುಂಡು ಉಟ್ಟ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ತಿರುಗಿ ನಿಂತಿದ್ದಾಳೆ. ಕಾಲ ಬಳಿ ನಾಯಿಯೊಂದಿದೆ. ಬರುವ ತಂದೆ ಚಿತ್ರದಲ್ಲಿಲ್ಲ. ಇದಕ್ಕೆ ರೂಪದರ್ಶಿಯಾದವರು ರವಿವರ್ಮರ ಮಗಳು ಮಹಾಪ್ರಭಾ. ಮೇಲುನೋಟಕ್ಕೆ ಸಾಧಾರಣ ಸಂಸಾರಚಿತ್ರವಾಗಿ ಕಾಣುವ ಇದರ ತಳಮಳ ಆ ಕಾಲದ ಕೇರಳದ ಕುಟುಂಬವ್ಯವಸ್ಥೆಯನ್ನು ಬಲ್ಲವರಿಗೆ ತಿಳಿಯುತ್ತದೆ. ತುಳುನಾಡಿನ ಅಳಿಯಸಂತಾನದಂತೆ ಅಲ್ಲಿ ‘ಮರುಮಕ್ಕತ್ತಾಯಂ’ ಎಂಬ ಪದ್ಧತಿಯಿತ್ತು. ಆಸ್ತಿಯೂ ವಂಶವೂ ತಾಯಿಯ ಕಡೆಯಿಂದ ಸಾಗುತ್ತಿದ್ದುದರಿಂದ ಹೆಣ್ಣು ತವರಿನಲ್ಲಿಯೇ ಇರುತ್ತಿದ್ದಳು, ಗಂಡ ಬಂದು ಹೋಗುವವನಾಗಿದ್ದನು. 19ನೇ ಶತಮಾನದ ಕೊನೆಯಲ್ಲಿ ಆ ಪದ್ಧತಿ ಪ್ರಶ್ನೆಗೊಳಗಾಗುತ್ತಿದ್ದ ಹೊತ್ತಿನಲ್ಲಿ, ತಂದೆಯ ಬರವನ್ನು ಮನೆಯ ಕೇಂದ್ರ ಸಂಗತಿಯನ್ನಾಗಿ ಮಾಡಿದ ಈ ಚಿತ್ರದಲ್ಲಿ ತಾಯಿಯ ನೋಟ ಒಬ್ಬ ಗಂಡಸಿನ ಕಡೆಗಷ್ಟೇ ಅಲ್ಲ, ಬರಲಿರುವ ಬೇರೊಂದು ಬಗೆಯ ಸಂಸಾರದ ಕಡೆಗೂ ಇತ್ತೆಂದು ವಿದ್ವಾಂಸರು ಓದಿದ್ದಾರೆ.

ಅದೇ 1893ರಲ್ಲಿ ಶಿಕಾಗೋ ನಗರದ ವಿಶ್ವಮೇಳಕ್ಕೆ ರವಿವರ್ಮರು ಕಳುಹಿಸಿದ ಹತ್ತು ಚಿತ್ರಗಳಲ್ಲಿ ‘ಅಪ್ಪ ಬರುತ್ತಿದ್ದಾರೆ’ಯೂ ಇತ್ತು, ‘ನಿರಾಶೆಯ ಸುದ್ದಿ’ ಎಂಬುದೂ ಇತ್ತು. ಸ್ವಾಮಿ ವಿವೇಕಾನಂದರು ಅದೇ ವರ್ಷ ಅದೇ ನಗರದ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದನ್ನು ಎಲ್ಲರೂ ಬಲ್ಲರು, ಆದರೆ ಮುಂಬಯಿಯ ಗಾಯಕಿಯೂ ಮಲಬಾರಿನ ತಾಯಿಯೂ ಬೀದಿಯಲ್ಲಿ ಹಾಡಿ ಬೇಡುವ ಅಲೆಮಾರಿ ಹೆಂಗಸೂ ತಮ್ಮ ತಮ್ಮ ಉಡುಗೆಯಲ್ಲಿ ಅಲ್ಲಿಗೆ ಹೋಗಿದ್ದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ, 1889ರ ಸುಮಾರಿನ ‘ಗಾಯಕಿಯರ ಗೋಷ್ಠಿ’ಯಲ್ಲಿಯೂ ದೇಶದ ಬೇರೆ ಬೇರೆ ಭಾಗಗಳ ಉಡುಗೆತೊಡುಗೆಯ ಹನ್ನೊಂದು ಹೆಂಗಸರು ಒಟ್ಟಿಗೆ ಕುಳಿತೂ ನಿಂತೂ ಇದ್ದಾರೆ, ಒಂದೇ ಮೇಳದಲ್ಲಿ ಇದ್ದರೂ ಅವರ ನೋಟಗಳು ಒಂದೆಡೆ ಕೂಡುವುದಿಲ್ಲ, ಪ್ರತಿಯೊಬ್ಬಳೂ ತನ್ನದೇ ಯೋಚನೆಯಲ್ಲಿ ಇರುವಂತೆ ತೋರುತ್ತಾಳೆ. ನೋಟವನ್ನೇ ಪೂರ್ತಿ ಇಲ್ಲವಾಗಿಸಿದ ಚಿತ್ರವೂ ಉಂಟು: ರಾವಣನ ಖಡ್ಗಕ್ಕೆ ಜಟಾಯುವಿನ ರೆಕ್ಕೆ ತುಂಡಾಗುವ ದೃಶ್ಯದಲ್ಲಿ ಸೀತೆ ಮುಖ ಮುಚ್ಚಿಕೊಂಡಿದ್ದಾಳೆ, ಅವಳ ಸಂಕಟದ ಅಳತೆಯನ್ನು ಕಾಣದ ಕಣ್ಣಿನಿಂದಲೇ ಊಹಿಸಬೇಕಾಗುತ್ತದೆ.

ತಿರುಗಿ ನೋಡಿದ ದೇವಿಯರು

1896ರಲ್ಲಿ ಬರೆದ ಲಕ್ಷ್ಮಿ ಮತ್ತು ಸರಸ್ವತಿಯರ ಚಿತ್ರಗಳಿಗೆ ಬಂದರೆ ಈ ಕ್ರಮ ತಲೆಕೆಳಗಾಗುತ್ತದೆ. ನೀರಿನ ನಡುವೆ ಅರಳಿದ ತಾವರೆಯ ಮೇಲೆ ಲಕ್ಷ್ಮಿ ಎದುರುಮುಖವಾಗಿ ನಿಂತಿದ್ದಾಳೆ. ಮೇಲಿನ ಎರಡು ಕೈಗಳಲ್ಲಿ ಕಮಲಗಳಿವೆ, ಪಕ್ಕದಲ್ಲಿ ಆನೆ ಸೊಂಡಿಲಿನಲ್ಲಿ ಮಾಲೆ ಹಿಡಿದಿದೆ. ಸರಸ್ವತಿ ಬಂಡೆಯೊಂದರ ಮೇಲೆ ವೀಣೆ ಹಿಡಿದು ಕುಳಿತಿದ್ದಾಳೆ. ಹಿಂದಿನ ಕೈಗಳಲ್ಲಿ ಜಪಮಾಲೆಯೂ ತಾಳೆಗರಿಯ ಹೊತ್ತಗೆಯೂ ಇವೆ, ಸಮೀಪದಲ್ಲಿ ನವಿಲಿದೆ. ಈ ಮುಖಗಳಲ್ಲಿ ಕಾಯುವಿಕೆ ಇಲ್ಲ, ಕಳವಳವಿಲ್ಲ, ಚೌಕಟ್ಟಿನಾಚೆ ಯಾರೂ ಇಲ್ಲ. ಅವರು ನೋಡುವುದು ಎದುರಿಗೆ ನಿಂತವರನ್ನು.

ಇದಕ್ಕೆ ಕಾರಣ ‘ದರ್ಶನ’ ಎಂಬ ಪರಿಕಲ್ಪನೆಯಲ್ಲಿದೆ. ದೇವರನ್ನು ನೋಡಲು ಹೋಗುವುದೆಂದರೆ ದೇವರ ದೃಷ್ಟಿಗೆ ಬೀಳಲು ಹೋಗುವುದೂ ಹೌದು. ಶಿಲ್ಪಿ ಕಡೆದ ಕಲ್ಲು ಪೂಜೆಗೆ ಯೋಗ್ಯವಾಗುವುದು ಕೊನೆಯಲ್ಲಿ ಕಣ್ಣು ತೆರೆಸುವ ‘ನೇತ್ರೋನ್ಮೀಲನ’ ವಿಧಿಯಿಂದ ಎಂಬ ಸಂಪ್ರದಾಯ ಈ ನಂಬಿಕೆಯಿಂದಲೇ ಬಂದದ್ದು. ರವಿವರ್ಮರು ಆಗಮಶಾಸ್ತ್ರದ ಚಿತ್ರಕಾರರಲ್ಲ, ಅವರ ಲಕ್ಷ್ಮಿಗೆ ಬದುಕಿದ್ದ ಹೆಂಗಸಿನ ಮೈಕಟ್ಟು, ನೆರಳು–ಬೆಳಕು, ಉಟ್ಟ ಸೀರೆಯ ನೆರಿಗೆಗಳು ಇವೆ. ಆದರೆ ನೋಟದ ವಿಷಯದಲ್ಲಿ ಅವರು ಗರ್ಭಗುಡಿಯ ನಿಯಮವನ್ನು ಮೀರಲಿಲ್ಲ. ಮೈಗೆ ಮನುಷ್ಯಳ ಸಹಜತೆ, ಕಣ್ಣಿಗೆ ಮೂರ್ತಿಯ ನಿಶ್ಚಲತೆ: ಈ ಜೋಡಣೆಯೇ ಅವರ ದೇವೀಚಿತ್ರಗಳ ಆಧ್ಯಾತ್ಮಿಕ ಬಲದ ಗುಟ್ಟು.

ಈ ದೇವಿಯರು ಜನರ ಬಳಿಗೆ ಬಂದದ್ದು ಕಲ್ಲಚ್ಚಿನ ಮೂಲಕ. ಮೂಲಚಿತ್ರಗಳನ್ನು ಅಚ್ಚು ಹಾಕಿಸಿ ಹಂಚಿದರೆ ದೇಶಕ್ಕೆ ಉಪಕಾರವಾಗುತ್ತದೆ ಎಂದು ತಿರುವಾಂಕೂರಿನ ದಿವಾನರಾಗಿದ್ದ ಟಿ. ಮಾಧವರಾಯರು ಮೊದಲೇ ಸಲಹೆ ಕೊಟ್ಟಿದ್ದರು. 1894ರಲ್ಲಿ ರವಿವರ್ಮರೂ ಅವರ ತಮ್ಮ ಸಿ. ರಾಜರಾಜವರ್ಮರೂ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದರು. ಮೊದಲು ಹೊರಬಂದ ಅಚ್ಚು ‘ಶಕುಂತಲೆಯ ಜನನ’. ಮುಂಬಯಿಗೆ ಪ್ಲೇಗು ಬಡಿದ ಮೇಲೆ ಮುದ್ರಣಾಲಯ 1899ರಲ್ಲಿ ಲೋಣಾವಳದ ಹತ್ತಿರದ ಮಳವಲಿಗೆ ಸ್ಥಳಾಂತರಗೊಂಡಿತು. ಸಾಲದ ಹೊರೆ ತಾಳಲಾರದೆ ಕೆಲವೇ ವರ್ಷಗಳಲ್ಲಿ ಅದನ್ನು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಕರ್ ಅವರಿಗೆ ಮಾರಬೇಕಾಯಿತು. ಅವರ ಕೈಯಲ್ಲಿ ಬೆಳೆದ ಆ ಕಾರ್ಖಾನೆ 1972ರಲ್ಲಿ ಬೆಂಕಿಗೆ ಸಿಕ್ಕಿ ನಾಶವಾಯಿತು.

ಕಲ್ಲಚ್ಚು ಎಂಬ ವಿಧಾನದ ತತ್ವ ಸರಳ: ಎಣ್ಣೆಗೂ ನೀರಿಗೂ ಸೇರುವುದಿಲ್ಲ. ನಯಗೊಳಿಸಿದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಮೇಲೆ ಉರುಳಿಸಿದ ಮಸಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ಆ ಕಲ್ಲಿನ ಮೇಲೆ ಕಾಗದವನ್ನು ಒತ್ತಿದಾಗ ಚಿತ್ರ ಮೂಡುತ್ತದೆ. ಬಣ್ಣದ ಅಚ್ಚಿಗೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು, ಒಂದೇ ಹಾಳೆ ಒಂದಾದ ಮೇಲೊಂದು ಕಲ್ಲಿಗೆ ಕೂದಲೆಳೆಯಷ್ಟೂ ಜರುಗದಂತೆ ಕೂರಬೇಕು. ಜರುಗಿದರೆ ತುಟಿಯ ಕೆಂಪು ಗಲ್ಲಕ್ಕೆ ಬೀಳುತ್ತದೆ. ಕೊನೆಗೆ ಮೆರುಗೆಣ್ಣೆ ಬಳಿದು ತೈಲಚಿತ್ರದ ಹೊಳಪು ಬರಿಸುತ್ತಿದ್ದರು. ಎಷ್ಟು ಕಲ್ಲು ಬಳಸಿದರೂ ತೈಲವರ್ಣದ ಆ ಕರಗುವ ಛಾಯೆಗಳು ಅಚ್ಚಿನಲ್ಲಿ ಗಟ್ಟಿಯಾಗುತ್ತವೆ. ಇದರಿಂದ ನಷ್ಟವಾದದ್ದು ಓರೆನೋಟದ ನಾಯಿಕೆಯರಿಗೆ, ಏಕೆಂದರೆ ಅವರ ಭಾವವೆಲ್ಲ ಆ ಛಾಯೆಗಳಲ್ಲೇ ಇತ್ತು; ನೇರನೋಟದ ದೇವಿಯರಿಗೆ ಅಷ್ಟು ಹಾನಿಯಾಗಲಿಲ್ಲ, ಏಕೆಂದರೆ ಭಕ್ತನಿಗೆ ಬೇಕಾದ ಕಣ್ಣು, ಕೈ, ಕಮಲಗಳು ಸ್ಪಷ್ಟವಾಗಿ ಉಳಿದವು.

ಗಡಿನಾಡಿನ ಜಗಲಿಯಲ್ಲಿ

ಮಳವಲಿಯಿಂದ ಪುಣೆ, ಕೊಲ್ಲಾಪುರಗಳನ್ನು ದಾಟಿ ಬಂದರೆ ಮುಂದಿನ ನಾಡು ನಿಪ್ಪಾಣಿ, ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳದು. ಕನ್ನಡ–ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಕೇಳಿಬರುವ ಈ ಸೀಮೆಯ ಊರುಗಳಿಗೆ, ಅವುಗಳಲ್ಲೊಂದಾದ ಅಕ್ಕೋಳಕ್ಕೆ, ರವಿವರ್ಮರ ದೇವಿಯರು ಪರಕೀಯರಾಗಿ ತೋರಲು ಕಾರಣವೇ ಇರಲಿಲ್ಲ. ಅದರ ಒಂದು ಮುಖ್ಯ ಕಾರಣ ಸೀರೆ. ಬರೋಡದ ಅರಮನೆಗಾಗಿ 14 ಪೌರಾಣಿಕ ಚಿತ್ರಗಳ ಕೆಲಸ ಒಪ್ಪಿಕೊಂಡ ರವಿವರ್ಮರು ಪುರಾಣದ ಸ್ತ್ರೀಯರಿಗೆ ಯಾವ ಉಡುಗೆ ಸಲ್ಲುತ್ತದೆ ಎಂಬುದನ್ನು ಅರಸಿ ಉತ್ತರ ಭಾರತದ ಪ್ರವಾಸ ಮಾಡಿದರು, ಕೊನೆಗೆ ತಮ್ಮ ನಾಡಿನ ಮುಂಡನ್ನು ಬಿಟ್ಟು ಹೆಚ್ಚಾಗಿ ದಖ್ಖನಿನ ಸೀರೆಯನ್ನೇ ಆರಿಸಿಕೊಂಡರು. ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುವ ಕೃಷ್ಣಾ–ವೇದಗಂಗಾ ತೀರದ ಹೆಂಗಸರಿಗೆ ಪಟದೊಳಗಿನ ದೇವಿಯ ಅಂಚು–ಸೆರಗು ತಮ್ಮ ಪೆಟ್ಟಿಗೆಯ ಬಟ್ಟೆಯಷ್ಟೇ ಪರಿಚಿತವಾಗಿ ಕಂಡಿರಬೇಕು.

ಈ ಭಾಗದ ಮನೆಗಳಲ್ಲಿ ದೇವರನ್ನಿಡುವ ಕಟ್ಟೆಗೆ ‘ಜಗಲಿ’ ಎನ್ನುತ್ತಾರೆ. ಅದರ ಮೇಲೆ ಕುಲದೇವತೆಯ ಟಾಕು, ಅಂದರೆ ಬೆಳ್ಳಿಯ ತಗಡಿನಲ್ಲಿ ಉಬ್ಬಿಸಿದ ಪುಟ್ಟ ಮೂರ್ತಿ, ಕೊಲ್ಲಾಪುರದ ಮಹಾಲಕ್ಷ್ಮಿಯ ಚಿತ್ರ, ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಭಂಡಾರ, ಅಂದರೆ ಪ್ರಸಾದದ ಅರಿಸಿನ ಪುಡಿ, ಇರುವಲ್ಲಿಯೇ, ಗಾಜು ಹಾಕಿಸಿದ ಲಕ್ಷ್ಮಿಯ ಪಟವೂ ಬಂದು ಸೇರಿತು. ಅಂಥ ಹಳೆಯ ಪಟಗಳಲ್ಲಿ ಮನೆಯ ಹೆಂಗಸರ ಕೈಕೆಲಸವನ್ನೂ ಕಾಣಬಹುದು: ಅಚ್ಚಿನ ಸೀರೆಯ ಮೇಲೆ ನಿಜವಾದ ಬಟ್ಟೆಯನ್ನು ಕತ್ತರಿಸಿ ಅಂಟಿಸುತ್ತಿದ್ದರು, ಅಂಚಿಗೆ ಜರಿ ಹಚ್ಚುತ್ತಿದ್ದರು, ಒಡವೆಯ ಜಾಗದಲ್ಲಿ ಹೊಳೆಯುವ ಟಿಕಳಿಗಳನ್ನು ಕೂರಿಸುತ್ತಿದ್ದರು; ಮುಖವನ್ನು ಮಾತ್ರ ಹಾಗೆಯೇ ಬಿಡುತ್ತಿದ್ದರು. ಗುಡಿಯಲ್ಲಿ ಮೂರ್ತಿಗೆ ಸೀರೆ ಉಡಿಸುವ ಸೇವೆಯನ್ನು ಕಾಗದದ ದೇವಿಗೂ ಸಲ್ಲಿಸಿದ ಈ ರೂಢಿಯಲ್ಲಿ ಅಚ್ಚಿನ ಚಿತ್ರ ಮೂರ್ತಿಯಾಗಿ ಬದಲಾಗುತ್ತಿತ್ತು. ತಂಬಾಕಿನ ವ್ಯಾಪಾರಕ್ಕೆ ಹೆಸರಾದ ನಿಪ್ಪಾಣಿಯಂಥ ಪೇಟೆಗಳಲ್ಲಿ ದೀಪಾವಳಿಯ ಅಮಾವಾಸ್ಯೆಯಂದು ಅಡತಿ ಅಂಗಡಿಯ ಲೆಕ್ಕದ ಪುಸ್ತಕಗಳೊಂದಿಗೆ ಪೂಜೆ ಪಡೆಯುವ ಲಕ್ಷ್ಮಿಯೂ ಬಹುಮಟ್ಟಿಗೆ ಇದೇ ಮುಖದವಳು. ಗುಡಿಯ ಹೊಸ್ತಿಲು ದಾಟಲು ಬಿಡದಿದ್ದ ಜಾತಿಗಳವರಿಗೂ ಈ ಪಟ ಕೆಲವು ಕಾಸಿಗೆ ಸಂತೆಯಲ್ಲಿ ಸಿಕ್ಕಿತು, ಮನೆಯಲ್ಲಿ ನೆಲೆನಿಂತಿತು. ದೇವಿಯ ದೃಷ್ಟಿಗೆ ಬೀಳಲು ಪೂಜಾರಿಯ ಅಪ್ಪಣೆ ಬೇಕಾಗಲಿಲ್ಲ.

ಇದೇ ಸೀಮೆಗೆ ಸಮೀಪದ ಕೊಲ್ಲಾಪುರದಲ್ಲಿ ರವಿವರ್ಮರ ನಂತರದ ತಲೆಮಾರಿಗೆ ಸೇರಿದ ಇನ್ನೊಬ್ಬ ಸ್ವಯಂಶಿಕ್ಷಿತ ಚಿತ್ರಕಾರರು ಬೆಳೆದರು. ಬಾಬುರಾವ್ ಪೇಂಟರ್ (1890–1954) ಎಂದು ಹೆಸರಾದ ಅವರು ಕುಶಲಕರ್ಮಿಗಳ ಮೇಸ್ತ್ರಿ ಮನೆತನದವರು. ಸಂಬಂಧಿ ಆನಂದರಾವ್ ಜೊತೆ ಸೇರಿ ಮರಾಠಿ ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಲೇ ಚಿತ್ರವಿದ್ಯೆಯನ್ನು ಪಳಗಿಸಿಕೊಂಡರು. ಚಲನಚಿತ್ರದ ಕಡೆಗೆ ತಿರುಗಿ 1920ರಲ್ಲಿ ಅವರು ತಯಾರಿಸಿದ ‘ಸೈರಂಧ್ರಿ’ಯಲ್ಲಿ ಹೆಣ್ಣುಪಾತ್ರಗಳನ್ನು ಹೆಂಗಸರೇ ಮಾಡಿದರು, ಗಂಡಸರು ಸೀರೆ ಉಟ್ಟು ನಟಿಸುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ದಾದಾಸಾಹೇಬ್ ಫಾಳ್ಕೆಯವರೂ ಹಿಂದೆ ರವಿವರ್ಮ ಮುದ್ರಣಾಲಯದಲ್ಲಿ ಕೆಲಸ ಮಾಡಿದವರು. ರವಿವರ್ಮರು ಒಂದು ಕತ್ತಿನ ತಿರುವಿನಲ್ಲಿ ನಿಲ್ಲಿಸಿದ್ದ ನಾಯಿಕೆಯ ಭಾವಕ್ಕೆ ಚಲನೆ ಬಂದದ್ದು ಹೀಗೆ ಅವರದೇ ಮುದ್ರಣಾಲಯದಿಂದ ಹೊರಟವರ ಕೈಯಲ್ಲಿ.

ಆಕ್ಷೇಪಗಳು ಮತ್ತು ಒಂದು ತಪ್ಪು

ರವಿವರ್ಮರ ಸ್ತ್ರೀಯರನ್ನು ಎಲ್ಲರೂ ಒಪ್ಪಲಿಲ್ಲ. ಸ್ವದೇಶಿ ಚಳವಳಿಯ ಕಾಲದಲ್ಲಿ ಆನಂದ ಕುಮಾರಸ್ವಾಮಿಯವರು ಆ ಚಿತ್ರಗಳಲ್ಲಿ ಕಂಡದ್ದು ಅಗ್ಗದ ನಾಟಕೀಯತೆ ಮತ್ತು ಪಾಶ್ಚಾತ್ಯ ಅನುಕರಣೆ. ಸೋದರಿ ನಿವೇದಿತಾ ಅವರಿಗೆ ನೆಲದ ಮೇಲೆ ಮೈಚಾಚಿ ಪತ್ರ ಬರೆಯುವ ಶಕುಂತಲೆ ಕಣ್ವಾಶ್ರಮದ ಕನ್ಯೆಗೆ ಒಪ್ಪದ ಭಂಗಿಯಾಗಿ ತೋರಿದಳು. ಅವನೀಂದ್ರನಾಥ ಠಾಕೂರರ ಬಂಗಾಳ ಶೈಲಿ ಬೆಳೆದದ್ದೇ ಈ ಬಗೆಯ ಯಥಾರ್ಥತೆಗೆ ಬೆನ್ನು ಮಾಡಿ, ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತಕ್ಕೆ ಹೋಗಿ ಕಲಿತದ್ದೂ ಆ ದಾರಿಯನ್ನೇ. ಇನ್ನೊಂದು ಆಕ್ಷೇಪ ಇಂದಿಗೂ ಸಲ್ಲುತ್ತದೆ: ಅವರ ದೇವಿಯರೂ ನಾಯಿಕೆಯರೂ ಬಹುಮಟ್ಟಿಗೆ ಬೆಳ್ಳನೆಯ, ತುಂಬುಮೈಯ, ಒಡವೆ ತೊಟ್ಟ ಮೇಲುವರ್ಗದ ಹೆಂಗಸರು, ಆ ಒಂದು ಮುಖ ಕ್ಯಾಲೆಂಡರಿನಿಂದ ಬೆಂಕಿಪೆಟ್ಟಿಗೆಯವರೆಗೆ ಹರಡಿದ್ದರಿಂದ, ಊರೂರಿನ ಅಮ್ಮಂದಿರ ಕಪ್ಪುಕಲ್ಲಿನ, ಬೆಳ್ಳಿಕಣ್ಣಿನ, ಕುಂಕುಮ–ಭಂಡಾರ ಮೆತ್ತಿದ ನೂರು ಬಗೆಯ ಮುಖಗಳು ಹಿಂದೆ ಸರಿದವು. 1979ರಲ್ಲಿ ಭಾರತ ಸರ್ಕಾರ ರವಿವರ್ಮರ ಕೃತಿಗಳನ್ನು ದೇಶದಾಚೆ ಸಾಗಿಸಬಾರದ ರಾಷ್ಟ್ರೀಯ ಕಲಾಸಂಪತ್ತೆಂದು ಸಾರಿದ ಮೇಲೂ ಈ ಮಾತಿನ ಬಿಸಿ ಆರಿಲ್ಲ.

ಅವರ ಪ್ರಭಾವ ಎಷ್ಟು ಆಳವಾದದ್ದೆಂಬುದಕ್ಕೆ ಜನರು ಸಾಮಾನ್ಯವಾಗಿ ಮಾಡುವ ತಪ್ಪೊಂದೇ ಸಾಕ್ಷಿ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈಯನ್ನು ಅಡ್ಡ ಹಿಡಿದ ಹೆಣ್ಣಿನ ಚಿತ್ರವೊಂದಿದೆ. ಬೆರಳುಗಳ ಸಂದಿಯಲ್ಲಿ ಹಾಯುವ ಕೆಂಪು ಬೆಳಕು ಅವಳ ಮುಖವನ್ನು ಬೆಳಗುತ್ತದೆ. ನೋಡಲು ಬಂದವರಲ್ಲಿ ಅನೇಕರು ಅದನ್ನು ರವಿವರ್ಮರದೆಂದೇ ತಿಳಿಯುತ್ತಾರೆ. ಅದನ್ನು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, ಮುಂಬಯಿಯ ಕಲಾಶಾಲೆಯಲ್ಲಿ ಓದಿದವರು. ದೀಪ ಹಿಡಿದು ನಿಂತವರು ಅವರ ಮಗಳು, ಆಕೆ ನೂರು ವರ್ಷ ದಾಟಿ ಬದುಕಿ 2018ರಲ್ಲಿ ಕೊಲ್ಲಾಪುರದಲ್ಲಿ ತೀರಿಕೊಂಡರು. ಭಾವ ತುಂಬಿದ ಹೆಣ್ಣುಮುಖ ಕಂಡ ಕೂಡಲೇ ಅದು ರವಿವರ್ಮರದೆಂದು ಜನ ಎಣಿಸುವಷ್ಟರ ಮಟ್ಟಿಗೆ ಶಾಲೆ ಕಾಣದ ಚಿತ್ರಕಾರನ ಹೆಸರು ಆ ಬಗೆಯ ಚಿತ್ರಕ್ಕೇ ಅಂಟಿಕೊಂಡಿದೆ.

ಗಡಿನಾಡಿನ ಮನೆಗಳಲ್ಲಿ ಇಂದು ಕಲ್ಲಚ್ಚಿನ ಪಟಗಳು ಅಪರೂಪವಾಗಿವೆ. ಗೆದ್ದಲು ತಿನ್ನದೆ ಉಳಿದವನ್ನು ಹಳೆಯ ವಸ್ತುಗಳ ವ್ಯಾಪಾರಿಗಳು ಕೊಂಡೊಯ್ದಿದ್ದಾರೆ. ಆದರೆ ಮನೆಯ ಹಿರಿಯಳು ತೀರಿಕೊಂಡಾಗ ಅವಳ ಒಂದು ಫೋಟೊ ಹುಡುಕಿ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ, ಪಡಸಾಲೆಯ ಗೋಡೆಗೆ ತೂಗುಹಾಕುವುದು ರೂಢಿಯಲ್ಲಿದೆ. ಆ ಫೋಟೊದಲ್ಲಿ ಅವಳು ಮದುವೆಯ ಗದ್ದಲದಲ್ಲಿ ಯಾರನ್ನೋ ಓರೆಯಾಗಿ ನೋಡುತ್ತಿದ್ದರೆ ‘ಇದು ಬೇಡ, ನೇರ ನೋಡಿದ್ದು ಇದ್ದರೆ ಕೊಡಿ’ ಎನ್ನುತ್ತಾರೆ. ಗಾಜಿನ ಮೇಲೆ ಅವಳ ಹಣೆಯಿರುವಲ್ಲಿ ಬೊಟ್ಟು ಇಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚಿದ ದಿನ ಅವಳ ಭಾವಚಿತ್ರ ಪಟವಾಗುತ್ತದೆ.